ಹುಣಸೆಹುಳಿ ಹಾಕಿ ಉಜ್ಜಿದ ಹೆಡ್‌ಲೈಟ್

೧೯ ಏಪ್ರಿಲ್ ೨೦೧೨, ಗುರುವಾರ ರಾತ್ರಿ, ತಲ್ಲೂರು

ನಾನೊಂದು ಕತ್ತೆ. ಮದುವೆಯಾಗಿ ನಲವತ್ತು ದಿನವಾಗಿಲ್ಲ, ನನ್ನ ಮುದ್ದು ಯತೀಶನ ಟ್ಯಾಕ್ಸಿ ಹಾಳುಮಾಡಿಬಿಟ್ಟೆ.

ಬಿಸಿಲಿಗೆ ಹಳದಿಯಾಗಿ ಮಂಕಾಗಿದ್ದ ಹೆಡ್‌ಲೈಟನ್ನು ಅವನು ಭಾನುವಾರವಿಡೀ ನೀರು ಹಾಕಿ ನಯವಾದ ಉಜ್ಜುಕಾಗದದಿಂದ ತಿಕ್ಕಿ, ಪಾಲಿಶ್ ಮಾಡಿ, ಮೇಲೊಂದು ಲೇಪ ಕೊಟ್ಟಿದ್ದ. ಎಷ್ಟು ಚೆಂದ ಹೊಳೆಯುತ್ತಿತ್ತು! ಇವತ್ತು ಸಂಜೆ ಅತ್ತೆಯ ಜೊತೆ ನಾಳೆಯ ಶುಕ್ರವಾರಕ್ಕೆಂದು ದೇವರ ದೀಪ ತೊಳೆಯುತ್ತಿದ್ದೆ. ಕಾರಿನ ದೀಪಕ್ಕೆ ಸತ್ತ ಹುಳಗಳು ಅಂಟಿದ್ದು ಕಂಡಿತು. ಸರ್‌ಪ್ರೈಸ್ ಕೊಡೋಣವೆಂದು ಅದೇ ಹುಣಸೆಹುಳಿ, ಬೂದಿ, ತೆಂಗಿನ ನಾರು ಹಿಡಿದು ಅದನ್ನೂ ಗಸಗಸ ತಿಕ್ಕಿದೆ. ಲೇಪವೆಲ್ಲ ಹೋಗಿ ತುಂಬ ಗೀರು.

"ಅದ್ ಹಿತ್ತಾಳಿ ಅಲ್ಲ ಮಾರಾಯ್ತಿ, ಪ್ಲಾಸ್ಟಿಕ್!" ಎಂದ ಯತೀಶ್.

"ಇಂಗ್ಲಿಷ್ ಶಾಲಿಯಂಗೆ ದೀಪ ತೊಳುಕ್ ಕಲ್ಸ್ಲಿಲ್ಯಾ?" ಎಂದು ಅತ್ತೆ ನಕ್ಕರು. ಅವನು ನಗಲಿಲ್ಲ.

ನಾಳೆ ಬೆಳಗಿನ ಜಾವ ನಾಲ್ಕಕ್ಕೆ ಅವನ ಮೊತ್ತಮೊದಲ ಏರ್‌ಪೋರ್ಟ್ ಬಾಡಿಗೆ. ದೀಪ ಹಾಕಿ ನೋಡಿದೆವು. ಬೆಳಕು ಬಂಪರಿನ ಎದುರೇ ಚೆದುರಿ ಹೋಗುತ್ತದೆ, ರಸ್ತೆಗೆ ತಲುಪುವುದೇ ಇಲ್ಲ. ಹೈವೇ ಅಗಲ ಮಾಡಲು ಎಲ್ಲೆಂದರಲ್ಲಿ ಅಗೆದಿಟ್ಟಿದ್ದಾರೆ. ಮತ್ತೆ ಲೇಪ ಕೊಟ್ಟರೆ ಒಣಗಲು ಒಂದು ಹಗಲಿನ ಬಿಸಿಲು ಬೇಕಂತೆ.

ಹೋಗಬೇಡ ಎಂದರು ಅತ್ತೆ.

"ಅಳುದ್ ಸಾಕ್ ಕಾಣ್. ಯಾವ್ದಾರೂ ಲಾರಿ ಹಿಂದ್ ಹಿಂದೆ ಹೋತೆ" ಎಂದು ಯತೀಶ್ ಗೋಡೆ ಕಡೆ ತಿರುಗಿ ಮಲಗಿದ್ದಾನೆ.

ಅವನ ಫೋನ್ ನನ್ನ ಕೈಯಲ್ಲಿದೆ. ಅಲಾರಂ ಮೂರೂವರೆಗಿತ್ತು. ಆರಕ್ಕೆ ಬದಲಿಸಿದೆ, ಅಷ್ಟರಲ್ಲಿ ಬೆಳಕಾಗಿರುತ್ತದೆ. ಆದರೆ ಬಾಡಿಗೆ ತಪ್ಪಿದರೆ ಅವನು ನನ್ನನ್ನು ಕ್ಷಮಿಸುತ್ತಾನೆಯೇ? ಮತ್ತೆ ಮೂರೂವರೆಗೇ ಇಟ್ಟೆ. ಅಯ್ಯೋ ದೇವರೇ, ಈಗ ಮತ್ತೆ ಬೆರಳು ಆರರ ಕಡೆಗೇ ಹೋಗುತ್ತಿದೆ.