ಬಲಗೈ ಗವಸು

ಹಿಮನದಿಯ ಕೆಳಗಿನ ಸುರಂಗದಿಂದ, ಮಾರ್ಚ್

ಪ್ರೀತಿಯ ಅಪ್ಪ,

ನಮ್ಮ ಸಂಶೋಧನೆ ನೋಡಲು ಇಲ್ಲಿಗೆ ಬಂದಾಗ, ನಾವು ಹಿಮನದಿಯ ತಳದಲ್ಲಿ ಬಿಸಿನೀರಿನಿಂದ ಕರಗಿಸಿದ್ದ ಗುಹೆಯಲ್ಲಿ ಹಿಮವನ್ನು ಮುಟ್ಟಿ ನೋಡಲೆಂದು, ಅಮ್ಮ ಕೊನೆಯದಾಗಿ ಹೆಣೆದ ಜೋಡಿಯ ಬಲಗೈ ಗವಸನ್ನು ನೀನು ಕಳಚಿಟ್ಟು ಮರೆತುಹೋದೆ. ಎರಡೇ ದಿನಗಳಲ್ಲಿ, ಮೇಲಿನ ಭಾರಕ್ಕೆ ಸುತ್ತಲಿನ ಹಿಮ ಒಳಸರಿದು ಗುಹೆಯನ್ನು ಮುಚ್ಚಿತ್ತು. ವಾರ ಕಳೆದು ಮತ್ತೆ ಕರಗಿಸಿದಾಗ ಗವಸು ಹಿಮದೊಂದಿಗೆ ಮುಂದೆ ಸಾಗಿಯಾಗಿತ್ತು. "ನಿಮ್ಮಪ್ಪ ಹಿಮನದಿಗೇ ಗವಸು ತೊಡಿಸಿ ಹೋದ್ರಲ್ಲ" ಎಂದು ನನ್ನ ಜೊತೆಗಾರ ತೂರೆ ಈಗಲೂ ನಗುತ್ತಾನೆ.

ಪಕ್ಕದ ಮನೆಯ ಗುನ್ವೋರ್ ಫೋನ್ ಮಾಡಿದ್ದರು. "ನಿಮ್ಮಪ್ಪ ದಿನಾ ಬೆಳಿಗ್ಗೆ ಹೊಳೆ ಹತ್ರ ನಿಂತಿರ್ತಾರೆ ಕಣೇ, ಬಲಗೈ ಬರಿಗೈ. ಕೇಳಿದ್ರೆ, ಹಿಮ ಒಂದಿನ ವಾಪಸ್ ಕೊಡತ್ತೆ ಅಂತಾರೆ" ಎಂದರು.

ಅಪ್ಪ, ಈ ಹಿಮ ದಿನಕ್ಕೆ ಅರ್ಧ ಗೇಣು ಜಾರುತ್ತದೆ. ಅದರ ತಳದಲ್ಲಿ ಹೂತ ಕಲ್ಲುಗಳು ಬಂಡೆಯನ್ನೇ ಅರೆದು ಹಿಟ್ಟು ಮಾಡುತ್ತವೆ. ಈ ಹಿಮ ಕರಗಿ ಹರಿಯುವ ನಮ್ಮ ಹೊಳೆ ಹಾಲಿನ ಬಣ್ಣಕ್ಕಿರುವುದು ಅದರಿಂದಲೇ. ಉಣ್ಣೆ ಇಡಿಯಾಗಿ ಬರುವುದಿಲ್ಲ. ಹೊಳೆ ನೋಡಲು ಹೋಗು, ಗವಸಿಗಾಗಿ ಕಾಯಬೇಡ.

ಎಡಗೈಯದನ್ನು ಅಂಚೆಯಲ್ಲಿ ಕಳುಹಿಸು. ನೋಡಿಕೊಂಡು ಬಲಗೈಗೆ ಹೆಣೆಯುತ್ತೇನೆ. ಹೆಬ್ಬೆರಳ ಬುಡದಲ್ಲಿ ಅಮ್ಮ ಯಾವಾಗಲೂ ಒಂದು ಕುಣಿಕೆ ತಪ್ಪಿಸುತ್ತಿದ್ದಳಲ್ಲ, ಅಲ್ಲಿ ನಾನೂ ತಪ್ಪಿಸುತ್ತೇನೆ.

ಅಲ್ಲಿಯವರೆಗೆ ಕೈ ಜೇಬಿನಲ್ಲಿರಲಿ.

ನಿನ್ನ
ಸಿಗ್ರುನ್