ಕೊಳಲು ನಿಂತ ಕಡೆ

ಮಾರ್ಚ್ ೧೪, ಗುರುವಾರ

ಈ ವಾರವೆಲ್ಲ ನನ್ನ ಹಳೆಯ ಕೊಳಲಿನ ರೆಕಾರ್ಡಿಂಗ್‌ಗಳನ್ನು ಕಂಪ್ಯೂಟರಿನಲ್ಲಿ ಶುಚಿ ಮಾಡುತ್ತಿದ್ದೆ. ಕೊಳಲು ನಿಂತ ಕಡೆ ಕೇಳುವುದೆಲ್ಲ ಗದ್ದಲ, ಅದನ್ನು ಗುರುತು ಹಾಕಿ ಅಳಿಸಬೇಕು ಎಂದು ಮಗಳು ಹೇಳಿಕೊಟ್ಟಿದ್ದಳು. "ಮೊದ್ಲು ಹೆಡ್‌ಫೋನ್ ಹಾಕ್ಕೊಂಡು ಕೇಳಪ್ಪಾ" ಎಂದೂ ಹೇಳಿದ್ದಳು. ನನ್ನ ಕಿವಿಗೇನು ಧಾಡಿ ಎಂದುಕೊಂಡು ಹನ್ನೊಂದು ರೆಕಾರ್ಡಿಂಗ್‌ಗಳ ಗದ್ದಲವನ್ನು ಹಾಗೆಯೇ ಅಳಿಸಿ, ಅದೇ ಫೈಲಿನ ಮೇಲೆ ಸೇವ್ ಮಾಡಿದೆ. ಸೈಲೆನ್ಸ್ ಈಸ್ ಗೋಲ್ಡ್, ಸ್ಪೀಚ್ ಈಸ್... ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದು, ಮರೆತುಹೋಗಿದೆ.

ಇಂದು ಹನ್ನೆರಡನೆಯದಕ್ಕೆ ಹೆಡ್‌ಫೋನ್ ಹಾಕಿದೆ. ನಾನು ಉಸಿರೆಳೆದುಕೊಳ್ಳಲು ನಿಲ್ಲಿಸಿದಲ್ಲೆಲ್ಲ ಬಾಗಿಲಾಚೆಯಿಂದ ನನ್ನ ಹೆಂಡತಿ ಹಾಡುತ್ತಿದ್ದಾಳೆ! ತೀರಿಹೋಗಿ ಎರಡು ವರ್ಷವಾದವಳು. ಮೂವತ್ತು ವರ್ಷದ ಸಂಸಾರದಲ್ಲಿ ಅವಳು ಒಂದು ಸಾಲು ಗುನುಗಿದ್ದನ್ನೂ ನಾನು ಕೇಳಿರಲಿಲ್ಲ. ಶ್ರುತಿ ತಪ್ಪಿದವನು ನಾನು, ಅವಳಲ್ಲ.

ರೆಕಾರ್ಡಿಂಗಿನ ಕೊನೆಯಲ್ಲಿ ನನ್ನದೇ ಗದರಿಕೆ: "ಏನೇ ಅದು ಸದ್ದು? ರೆಕಾರ್ಡಿಂಗ್ ನಡೀತಿದೆ!"

"ಏನಿಲ್ಲ ರೀ, ಪಾತ್ರೆ."

ಮಗಳಿಗೆ ಫೋನ್ ಮಾಡಿದೆ. "ಮೊದಲಿನ ಕಾಪಿ ಬೇರೆ ಇಟ್ಟಿದೀಯ ತಾನೇ?" ಎಂದಳು. ಇಲ್ಲ ಎಂದು ಹೇಳಿ ಫೋನ್ ಇಟ್ಟೆ.

ಹನ್ನೆರಡನೆಯದರಲ್ಲಿ ಗುರುತು ಹಾಕಿದ್ದನ್ನು ಅಳಿಸಲೇ ಎಂದು ಕಂಪ್ಯೂಟರ್ ಇನ್ನೂ ಕೇಳುತ್ತಲೇ ಇದೆ. ಆ ಹನ್ನೊಂದರಲ್ಲಿ ಅವಳು ಎಲ್ಲೆಲ್ಲಿ ಹಾಡಿದ್ದಳೋ, ಎಷ್ಟು ಸಲ ನಾನು ನಿಲ್ಲಿಸುವುದನ್ನೇ ಕಾಯುತ್ತಾ ಬಾಗಿಲಾಚೆ ನಿಂತಿದ್ದಳೋ.