ಕಿಟಕಿಯಲ್ಲಿ ಉಳಿದ ಪ್ರಧಾನಿ

ಗ್ರೊನಿಂಗೆನ್, ಗುರುವಾರ ಸಂಜೆ

ಪ್ರೀತಿಯ ಮಿಯೆಟ್,

ಕ್ಷೇಮವಾಗಿದ್ದೇನೆ, ಈ ಉತ್ತರದ ಗಾಳಿಗೆ ಮೊಣಕಾಲು ಮಾತ್ರ ಹಿಡಿದುಕೊಂಡಿದೆ. ಮೈತ್ರಿಯ ನಾಲ್ಕು ಪಕ್ಷಗಳಲ್ಲಿ ಒಂದು ಎದ್ದುಹೋಗಿ ನಮ್ಮ ಸರ್ಕಾರ ಬಿದ್ದ ಮೇಲೆ, ಮತ ಕೇಳಲು ಯಾರ ಮನೆಗೆ ಹೋದರೂ ಬಾಗಿಲು ಅರ್ಧವೇ ತೆರೆಯುತ್ತದೆ. ಕಳೆದ ಚುನಾವಣೆಯಲ್ಲಿ ಕಿಟಕಿಗೊಂದರಂತೆ ಪ್ರಧಾನಿಯ ಪೋಸ್ಟರ್ ಇದ್ದ ಇಲ್ಲಿನ ಹಳ್ಳಿಯೊಂದರ ಬೀದಿಯಲ್ಲಿ ಈಗ ಉಳಿದಿರುವುದು ಒಂದೇ ಒಂದು.

ಅದನ್ನು ಕಂಡು ಹೋದ ಜೀವ ಬಂದಂತಾಗಿ ಬೆಲ್ ಒತ್ತಿದೆ. ಆಲ್ಟ್ಯೆ ಎಂಬ ಅಜ್ಜಿ ಒಳಗೆ ಕರೆದು ಕಾಫಿ ಕೊಟ್ಟಳು.

"ನೀವೊಬ್ರಾದ್ರೂ ನಮ್ಮನ್ನ ಕೈಬಿಡಲಿಲ್ವಲ್ಲ ಅಜ್ಜಿ" ಎಂದೆ.

"ಅಯ್ಯೋ, ಹೋಗಪ್ಪ! ನೆಲದಡಿ ಗ್ಯಾಸ್ ತೆಗೆದೂ ತೆಗೆದೂ ಭೂಮಿ ನಡುಗಿ ಗಾಜು ಸೀಳು ಬಿಟ್ಟಿದೆ. ರಿಪೇರಿ ಮಾಡಿಸ್ತೀವಿ ಅಂದ ನಿಮ್ಮ ಸಾಹೇಬ್ರು ಈ ಕಡೆ ತಲೆನೇ ಹಾಕ್ಲಿಲ್ಲ. ಅವರ ಮುಖಾನಾದ್ರೂ ಗಾಳಿ ತಡೀಲಿ ಅಂತ ಬಿಟ್ಟಿದೀನಿ. ಅಡುಗೆಮನೆ ಕಿಟಕೀಗೂ ಒಂದು ಕೊಟ್ಟು ಹೋಗು."

ನನ್ನ ಚೀಲದಲ್ಲಿ ಒಂದೂ ಇರಲಿಲ್ಲ. ಗೆಲ್ಲುವ ನಂಬಿಕೆಯಿಲ್ಲದೆ ಪಕ್ಷದವರು ಈ ಸಲ ಅಚ್ಚು ಹಾಕಿಸಿದ್ದೇ ಕಡಿಮೆ.

ನಮ್ಮ ಮನೆಯ ಕಿಟಕಿಯಲ್ಲಿದ್ದ ಪೋಸ್ಟರನ್ನು ನೀನೇ ತೆಗೆದೆಯಂತೆ. ಪಕ್ಕದ ಮನೆಯ ವೀಲ್ ಫೋನ್ ಮಾಡಿ, "ನಿನ್ ಹೆಂಡ್ತೀನೇ ಬೆಂಬಲ ವಾಪಸ್ ತಗೊಂಡ್ಳಲ್ಲೋ!" ಎಂದು ನಕ್ಕ. ಈ ಅಂಚೆ ಕಾರ್ಡಿನಲ್ಲಿ ಜಗಳಕ್ಕೆ ಜಾಗವಿಲ್ಲ, ನನಗೆ ತ್ರಾಣವೂ ಇಲ್ಲ. ಎಸೆದಿಲ್ಲವಾದರೆ ಮಡಿಸದೆ, ಸುರುಳಿ ಸುತ್ತಿ ಇಲ್ಲಿಗೆ ಕಳಿಸು. ಅಜ್ಜಿಯ ಅಡುಗೆಮನೆಯಲ್ಲಿ ಗಾಳಿ ಬಹಳ.

ನಿನ್ನ ಹ್ಯೂಬ್